ಜಯಮ್ಮ ಉರುಫ್ ಬಿಂದಿಗೆ ಜಯಕ್ಕ

ಟೀ ಅಂಗಡಿಯಲ್ಲಿ ಯಾರಾದರೂ "ನಾನು ಪಾರ್ಟಿ ಗೀರ್ಟಿ ನೋಡಲ್ಲ ಕಣ್ರೀ, ವ್ಯಕ್ತಿ ನೋಡಿ ವೋಟ್ ಹಾಕ್ತೀನಿ" ಅಂದರೆ ನಾನು ಅರ್ಧ ಕುಡಿದ ಟೀ ಅಲ್ಲೇ ಬಿಟ್ಟು ಎದ್ದುಬಿಡುತ್ತೇನೆ. ನಿವೃತ್ತನಾದ ಮೇಲೆ ಬಿ.ಪಿ. ಮಾತ್ರೆ ಒಂದರಿಂದ ಅರ್ಧಕ್ಕೆ ಇಳಿದಿದೆ. ಅದನ್ನು ಮತ್ತೆ ಏರಿಸಿಕೊಳ್ಳುವ ಆಸೆ ನನಗಿಲ್ಲ.

ಕಡೂರು, ತರೀಕೆರೆ, ಕೊನೆಗೆ ಹೊಸದಾಗಿ ತಾಲ್ಲೂಕಾದ ಅಜ್ಜಂಪುರ, ಈ ಮೂರು ಊರುಗಳಲ್ಲಿ ಸುತ್ತಿ ಸುತ್ತಿ ನಾನು ಮಾಡಿದ್ದು ಚುನಾವಣಾ ಶಾಖೆಯ ಕೆಲಸ. ಗುಮಾಸ್ತನಾಗಿ ಒಳಗೆ ಹೋದೆ, ಶಿರಸ್ತೇದಾರನಾಗಿ ಹೊರಗೆ ಬಂದೆ. ನಡುವಿನ ಬಡ್ತಿಗಳ ಪುರಾಣ ಯಾರಿಗೂ ಬೇಡ. ಈಗ ಆ ಕುರ್ಚಿಗೆ ಬಂದಿರುವ ಹೊಸ ಹುಡುಗಿ ಮೊನ್ನೆ ಫೋನ್ ಮಾಡಿ, "ಪಂಚಾಯ್ತಿ ಎಲೆಕ್ಷನ್ ಬತ್ತಾ ಇದೆ ಸಾರ್, ಪಾರ್ಟಿ ಇಲ್ದಿರೋ ಎಲೆಕ್ಷನ್ನು, ಸುಲಭ ಅಲ್ವಾ?" ಎಂದು ಕೇಳಿದಳು. ನಾನು ಫೋನಿನಲ್ಲಿ ನಗಲಿಲ್ಲ, ಅಷ್ಟು ಸಂಯಮ ಇನ್ನೂ ಉಳಿದಿದೆ. ಅವಳಿಗೆ ಕೊಡಬೇಕಾದ ಉತ್ತರ ಫೋನಿನಲ್ಲಿ ಹೇಳುವಷ್ಟು ಚಿಕ್ಕದಲ್ಲವಾದ್ದರಿಂದ ಬರೆಯಲು ಕೂತಿದ್ದೇನೆ.

ನೋಡಮ್ಮ, ವಿಧಾನಸಭೆಯ ಚುನಾವಣೆ ಬಂದರೆ ನಮ್ಮ ಅರ್ಧ ಕೆಲಸವನ್ನು ಪಕ್ಷದ ಚಿಹ್ನೆಯೇ ಮಾಡಿಬಿಡುತ್ತದೆ. ಅಭ್ಯರ್ಥಿಯ ಹೆಸರು ಗೊತ್ತಿಲ್ಲದವನಿಗೂ ಚಿಹ್ನೆ ಗೊತ್ತು. ಗ್ರಾಮ ಪಂಚಾಯ್ತಿಯಲ್ಲಿ ಆ ಆಸರೆ ಇಲ್ಲ. ಕಾನೂನಿನ ಪ್ರಕಾರ ಅಲ್ಲಿ ಪಕ್ಷವೇ ಇಲ್ಲ, ಬಾವುಟ ಇಲ್ಲ, ಇರುವುದು ಮನುಷ್ಯ ಮಾತ್ರ. ಆ ಮನುಷ್ಯನ ಹೆಸರಿನ ಪಕ್ಕ ನಾವು ಪಟ್ಟಿಯಿಂದ ಎತ್ತಿ ಕೊಟ್ಟ ಒಂದು ಚಿತ್ರ, ಆಟೋನೋ, ಕುಕ್ಕರೋ. ವ್ಯಕ್ತಿ ನೋಡಿ ವೋಟು ಹಾಕಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಚುನಾವಣೆ ಸಿಗುವುದಿಲ್ಲ. ಸಿಕ್ಕಿದಾಗ ಏನು ಮಾಡುತ್ತಾರೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲು ನಮ್ಮ ಮೇಲಿನವರ ವಿಷಯ ಹೇಳುತ್ತೇನೆ. ನನ್ನ ಸರ್ವೀಸಿನಲ್ಲಿ ಸಾಹೇಬರೊಬ್ಬರಿದ್ದರು, ಮಾತು ಬಹಳ ಚೆಂದ. ಮತಗಟ್ಟೆ ಸಿಬ್ಬಂದಿಯ ತರಬೇತಿಯಲ್ಲಿ ಮೈಕು ಹಿಡಿದು, "ಇದು ಪಕ್ಷರಹಿತ ಪ್ರಜಾಪ್ರಭುತ್ವದ ಹಬ್ಬ. ಪಕ್ಷದ ಹೆಸರು ಯಾರ ಬಾಯಲ್ಲೂ ಬರಕೂಡದು" ಎಂದು ಬೆವರು ಬರುವ ತನಕ ಹೇಳಿದರು. ಎಣಿಕೆ ಮುಗಿದ ದಿನ ಅದೇ ಸಾಹೇಬರು ನನ್ನನ್ನು ಕರೆದು, "ಏನ್ರೀ, ಪಕ್ಷವಾರು ಬಲಾಬಲದ ತಖ್ತೆ ಎಲ್ಲಿ? ಮೇಲಿಂದ ಕೇಳ್ತಿದಾರೆ" ಎಂದರು. ಪಕ್ಷವೇ ಇಲ್ಲವಲ್ಲ ಸಾರ್ ಅಂದೆ. "ಹಂಗಂತ ತಖ್ತೆ ಇಲ್ದೇ ಇರಕ್ಕಾಗುತ್ತಾ? ಯಾರಾದ್ರೂ ತಿಳಿದೋರ್ನ ಕೇಳಿ ತುಂಬ್ರಿ" ಎಂದರು. ತಿಳಿದವರನ್ನು ಕೇಳಿದೆ. ಒಂದೇ ಮೆಂಬರನ್ನು ಇಬ್ಬರು ಮುಖಂಡರೂ ತಮ್ಮವನು ಎಂದರು. ಆ ಮೆಂಬರನ್ನೇ ಕೇಳಿದರೆ, "ಇಬ್ರೂ ಶಾಲು ಹಾಕಿದ್ರು ಸಾರ್, ಇಬ್ರಿಗೂ ಹೂಂ ಅಂದಿದೀನಿ" ಅಂದ. ಆ ವರ್ಷ ಪಕ್ಷಗಳ ಕಾಲಮ್ಮು ಕೂಡಿಸಿದರೆ ಸ್ಥಾನಗಳಿಗಿಂತ ಗೆದ್ದವರು ಜಾಸ್ತಿ ಬಂದರು. ಸಾಹೇಬರು ಕೂಡಿಸಿ ನೋಡದೆ ಸಹಿ ಹಾಕಿದರು.

ಚಿಹ್ನೆ ಹಂಚುವುದು ಇನ್ನೊಂದು ಕರ್ಮ. ಲಿಂಗದಹಳ್ಳಿ ಕಡೆಯ ಒಬ್ಬ ರೈತನಿಗೆ ಚೀಟಿ ಎತ್ತಿದಾಗ ಚಪ್ಪಲಿ ಬಂತು. ಅವನು ಮೇಜಿನ ಮುಂದಿನಿಂದ ಅಲ್ಲಾಡಲೇ ಇಲ್ಲ. "ಮನೆ ಮನೆಗೆ ಹೋಗಿ ಚಪ್ಪಲಿಗೆ ಹಾಕಿ ಅಂದ್ರೆ, ಚಪ್ಪಲೀಲೇ ಹಾಕ್ತಾರೆ ಸಾರ್" ಎಂದ. ಬದಲಾಯಿಸಲು ನಿಯಮ ಇಲ್ಲ. ಅವನು ಅತ್ತು, ಬೈದು, ಕೊನೆಗೆ ಅದರಲ್ಲೇ ನಿಂತು ಗೆದ್ದ. ಗೆದ್ದಮೇಲೆ ಅವಧಿ ಮುಗಿಯುವ ತನಕ ಊರವರು ಅವನನ್ನು ಚಪ್ಪಲಿ ಮೆಂಬರ್ ಎಂದೇ ಕರೆದರು. ಸಿಕ್ಕಾಗಲೆಲ್ಲ ಅವನು ನನ್ನನ್ನು ಕೆಕ್ಕರಿಸಿ ನೋಡುತ್ತಿದ್ದ, ನಾನೇ ನನ್ನ ಕಾಲಿನದನ್ನು ಬಿಚ್ಚಿ ಕೊಟ್ಟಿದ್ದೆನೇನೋ ಅನ್ನುವ ಹಾಗೆ.

ಇದೆಲ್ಲ ನಗುವ ವಿಷಯ. ನಗು ಬಾರದ ವಿಷಯ ಹೆಸರಿನದು. ನಾನು ಸೇರಿದಾಗ ಮತದಾರರ ಪಟ್ಟಿಯನ್ನು ಬರೆದು, ಟೈಪು ಮಾಡಿ ತಯಾರಿಸುತ್ತಿದ್ದೆವು. ಹಳ್ಳಿಯಲ್ಲಿ ಒಬ್ಬೊಬ್ಬರಿಗೆ ಎರಡು ಹೆಸರು. ನಾಮಕರಣದ್ದು ಒಂದು, ಬಾಳಿ ಗಳಿಸಿದ್ದು ಇನ್ನೊಂದು. ಹಳೆಯ ಶಾನುಭೋಗರು ಬುದ್ಧಿವಂತರು, ಎರಡರ ನಡುವೆ 'ಉರುಫ್' ಎಂದು ಬರೆಯುತ್ತಿದ್ದರು. ಕರಿಯಪ್ಪ ಉರುಫ್ ಗುಂಡಣ್ಣ. ಗಂಡಸಿಗೆ 'ಬಿನ್' ಎಂದು ಅಪ್ಪನ ಹೆಸರು, ಹೆಂಗಸಿಗೆ 'ಕೋಂ' ಎಂದು ಗಂಡನ ಹೆಸರು, ಅದರ ಜೊತೆಗೆ ಈ ಉರುಫ್. ಊರಿಗೆ ಗೊತ್ತಿದ್ದ ಮನುಷ್ಯ ಕಾಗದದಲ್ಲೂ ಸಿಗುತ್ತಿದ್ದ. ಆಮೇಲೆ ಕಂಪ್ಯೂಟರ್ ಬಂತು. ಅದರಲ್ಲಿ ಹೆಸರಿಗೆ ಒಂದು ಜಾಗ, ಸಂಬಂಧಿಗೆ ಒಂದು ಜಾಗ, ಉರುಫಿಗೆ ಜಾಗವೇ ಇಲ್ಲ. ತುಂಬಿಸಲು ಬಂದ ಹುಡುಗನನ್ನು ಕೇಳಿದರೆ, "ಫೀಲ್ಡ್ ಇಲ್ಲ ಸಾರ್" ಎಂದ. ಹೀಗೆ ಇಡೀ ತಾಲ್ಲೂಕಿನ ಗುಂಡಣ್ಣಂದಿರು ಒಂದೇ ಏಟಿಗೆ ಮಾಯವಾದರು. ಪಟ್ಟಿಗೆ ಫೋಟೋ ಬಂತು, ಬಾರ್‌ಕೋಡ್ ಬಂತು, ಉರುಫ್ ಮಾತ್ರ ವಾಪಸ್ಸು ಬರಲಿಲ್ಲ.

ಅದರ ಬೆಲೆ ಏನು ಅನ್ನುವುದು ನನಗೆ ತಿಳಿದದ್ದು ಎಮ್ಮೆದೊಡ್ಡಿ ಕಡೆಯ ಒಂದು ಊರಿನಲ್ಲಿ. ಕಾವಲಿನ ಅಂಚಿಗೆ ಇರುವ ಊರು. ಅಮೃತಮಹಲ್ ದನಗಳು ಮೇಯುವ ಬಯಲಿನ ಕಡೆಗೆ ಏರುತ್ತಾ ಹೋಗುವ ಮೇಲಿನ ಬೀದಿ, ಟ್ಯಾಂಕಿನ ಪಕ್ಕದಲ್ಲಿ ಕೆಳಗಿನ ಬೀದಿ. ಟ್ಯಾಂಕಿನ ನೀರು ಕೆಳಗಿನ ಬೀದಿಯ ನಲ್ಲಿಗಳಲ್ಲೇ ಮುಗಿದುಹೋಗುತ್ತಿತ್ತು. ಪೈಪು ಮೇಲಕ್ಕೆ ಎಳೆಯಲು ಮಂಜೂರಾಗಿದ್ದರೂ ಎಳೆದಿರಲಿಲ್ಲ. ಯಾಕೆಂದರೆ ಆಗಿನ ಮೆಂಬರ್ ಷಡಕ್ಷರಪ್ಪನ ಮನೆ, ಅವನ ಹಿಟ್ಟಿನ ಗಿರಣಿ, ಅವನ ನೆಂಟರು, ಎಲ್ಲ ಇದ್ದದ್ದು ಕೆಳಗಿನ ಬೀದಿಯಲ್ಲಿ.

ಮೇಲಿನ ಬೀದಿಯಲ್ಲಿ ಜಯಮ್ಮ ಎಂಬ ಹೆಂಗಸು ಇದ್ದಳು. ಐವತ್ತರ ಹತ್ತಿರದ ವಯಸ್ಸು, ಗಟ್ಟಿ ಗಂಟಲು. ಒಂದು ದಿನ ಅವಳು ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಪಂಚಾಯ್ತಿ ಆಫೀಸಿನ ಬಾಗಿಲಿಗೆ ಅಡ್ಡವಾಗಿ ಖಾಲಿ ಬಿಂದಿಗೆ ಸಾಲಾಗಿ ಇಟ್ಟು, ಒಳಗಿದ್ದವರು ಅವನ್ನು ದಾಟಲಾರದೆ ಕೂತಿರುವ ಹಾಗೆ ಮಾಡಿದ್ದಳು. ಅವತ್ತಿನಿಂದ ಅವಳು ಬಿಂದಿಗೆ ಜಯಕ್ಕ. ಟ್ಯಾಂಕರಿನಲ್ಲಿ ನೀರು ಬಂದದ್ದು ಅವಳಿಂದಲೇ. ಪೈಪು ಬರಬೇಕಾದರೆ ಒಳಗೆ ಕೂರಬೇಕು ಎಂದು ಅವಳಿಗೆ ಅರ್ಥವಾಗಿತ್ತು. ಆ ಸಲ ವಾರ್ಡು ಹೆಂಗಸರಿಗೆ ಮೀಸಲಾಯಿತು. ಜಯಕ್ಕ ನಾಮಪತ್ರ ಹಾಕಿದಳು. ಷಡಕ್ಷರಪ್ಪ ತನ್ನ ಹೆಂಡತಿ ನಿರ್ಮಲಮ್ಮನಿಂದ ಹಾಕಿಸಿದ. ಆಯಮ್ಮನನ್ನು ನಾನು ಏನೇ ಕೇಳಿದರೂ ಉತ್ತರ ಬರುತ್ತಿದ್ದದ್ದು ಷಡಕ್ಷರಪ್ಪನ ಬಾಯಿಂದ. "ನಿಮಗೆ ವಯಸ್ಸೆಷ್ಟಮ್ಮ?" ಅಂದರೂ ಅವನೇ ಹೇಳಿದ, ಅದೂ ತಪ್ಪು.

ಜಯಕ್ಕ ಗೆಲ್ಲುವುದು ಷಡಕ್ಷರಪ್ಪನಿಗೂ ಗೊತ್ತಿತ್ತು. ಅದಕ್ಕೇ ಅವನು ಕೊನೆಯ ದಿನ ತನ್ನ ಟ್ರ್ಯಾಕ್ಟರ್ ಓಡಿಸುವ ಸಣ್ಣಪ್ಪನನ್ನು ಹೆಂಡತಿ ಸಮೇತ ಕರೆತಂದ. ಸಣ್ಣಪ್ಪನ ಹೆಂಡತಿಯ ಹೆಸರೂ ಜಯಮ್ಮ. ಅವಳೂ ಮೇಲಿನ ಬೀದಿಯವಳೇ. ಮೆತ್ತಗಿನ ಹೆಂಗಸು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಗೋಡೆಯ ಪಕ್ಕ ನಿಂತಿದ್ದಳು. "ನೀವೇ ಇಷ್ಟಪಟ್ಟು ನಿಲ್ತಿದೀರೇನಮ್ಮ?" ಎಂದು ಕೇಳಿದೆ. ಗಂಡನ ಮುಖ ನೋಡಿ, ಗಂಡನ ಧಣಿಯ ಮುಖ ನೋಡಿ, "ಹೂಂ" ಎಂದಳು. ಹೂಂ ಅಂದಮೇಲೆ ನಾಮಪತ್ರ ತಿರಸ್ಕರಿಸಲು ನಮ್ಮ ಹತ್ತಿರ ಕಾರಣವಿಲ್ಲ.

ಆ ಪಂಚಾಯ್ತಿಗೆ ಚುನಾವಣಾಧಿಕಾರಿಯಾಗಿ ಬಂದಿದ್ದವರು ಬೇರೆ ಇಲಾಖೆಯ ಇಂಜಿನಿಯರ್, ಅವರ ಸಹಾಯಕ್ಕೆ ನಾನು. ಒಳ್ಳೆಯವರೇ, ಆದರೆ ಸಹಿ ಹಾಕುವ ಮುಂಚೆ ಪೆನ್ನನ್ನೂ ಅನುಮಾನದಿಂದ ನೋಡುವವರು. ಒಂದೇ ಹೆಸರಿನವರು ಇಬ್ಬರಿದ್ದರೆ ಉದ್ಯೋಗದಿಂದಲೋ ವಾಸಸ್ಥಳದಿಂದಲೋ ಬೇರೆ ರೀತಿಯಿಂದಲೋ ಅವರನ್ನು ಗುರುತಿಸಿ ಅಚ್ಚು ಹಾಕಿಸಬಹುದು ಎಂದು ನಾನು ಅವರಿಗೆ ತೋರಿಸಿದೆ. ಜಯಕ್ಕನೂ ಅರ್ಜಿ ಕೊಟ್ಟಳು. "ನನ್ ಹೆಸರಿನ್ ಮುಂದೆ ಉರುಫ್ ಬಿಂದಿಗೆ ಜಯಕ್ಕ ಅಂತ ಹಾಕ್ಬಿಡಿ ಸಾರ್, ಸಾಕು. ನನ್ನ ಜಯಮ್ಮ ಅಂತ ಕರೆಯೋದು ಪಡಿತರ ಅಂಗಡಿಯೋನು ಒಬ್ನೇ" ಎಂದಳು.

ಷಡಕ್ಷರಪ್ಪ ಎದ್ದುನಿಂತ. "ಬಿಂದಿಗೆ ಅನ್ನೋದು ನಿಮ್ಮ ಚಿಹ್ನೆ ಪಟ್ಟೀಲೇ ಇದೆ ಸಾರ್. ಒಬ್ರಿಗೆ ಆ ಚಿಹ್ನೆ ಕೊಟ್ಟು ಇನ್ನೊಬ್ರ ಹೆಸರಲ್ಲಿ ಬಿಂದಿಗೆ ಅಂತ ಬರೆದ್ರೆ ಜನಕ್ಕೆ ಗೊಂದಲ ಆಗಲ್ವಾ?" ಎಂದ. ಗೊಂದಲ ಎಂಬ ಮಾತು ಕೇಳಿದ್ದೇ ಇಂಜಿನಿಯರ್ ಸಾಹೇಬರು ಪೆನ್ನು ಕೆಳಗಿಟ್ಟರು. ಉರುಫ್ ಬೇಡ, ವಾಸಸ್ಥಳ ಹಾಕೋಣ ಎಂದರು. ಇಬ್ಬರೂ ಮೇಲಿನ ಬೀದಿಯವರು ಅಂದೆ. ಉದ್ಯೋಗ ಹಾಕೋಣ ಎಂದರು. ಇಬ್ಬರೂ ಕೂಲಿಗೆ ಹೋಗುವವರು ಅಂದೆ. ಬಿಂದಿಗೆ ಬೇಡವಾದರೆ ಬರೀ 'ಜಯಕ್ಕ' ಅಂತಾದರೂ ಹಾಕಿ ಸಾರ್ ಎಂದೆ. "ಅದೂ ಜಯ, ಇದೂ ಜಯ, ಯಾಕ್ರೀ ರಿಸ್ಕು. ಪಟ್ಟೀಲಿ ಹೆಂಗಿದೆಯೋ ಹಂಗೇ ಹೋಗ್ಲಿ" ಎಂದು ಮುಗಿಸಿದರು. ಮತಪತ್ರದಲ್ಲಿ ಕೊನೆಗೆ ಅಚ್ಚಾದದ್ದು ಹೀಗೆ: ಮೊದಲು ಜಯಮ್ಮ ಕೋಂ ಸಣ್ಣಪ್ಪ, ಅದರ ಕೆಳಗೆ ಜಯಮ್ಮ ಕೋಂ ಸಣ್ಣರಂಗಪ್ಪ, ಕೊನೆಗೆ ನಿರ್ಮಲಮ್ಮ. ಸಣ್ಣರಂಗಪ್ಪ ಎಂದರೆ ನಮ್ಮ ಜಯಕ್ಕನ ಗಂಡ. ಗಂಡಂದಿರ ಹೆಸರಿಗೂ ಒಂದು ದೂರ ಇರಬಾರದೇ?

ಚಿಹ್ನೆಗೆ ಬಿಂದಿಗೆಯನ್ನು ಇಬ್ಬರು ಜಯಮ್ಮಂದಿರೂ ಕೇಳಿದರು, ಒಬ್ಬಳು ತನಗಾಗಿ, ಇನ್ನೊಬ್ಬಳು ಷಡಕ್ಷರಪ್ಪನಿಗಾಗಿ. ಚೀಟಿ ಎತ್ತಿದೆವು. ಬಿಂದಿಗೆ ಸಣ್ಣಪ್ಪನ ಜಯಮ್ಮನಿಗೆ ಹೋಯಿತು. ಜಯಕ್ಕನ ಎರಡನೆಯ ಆಯ್ಕೆ ಹೊಲಿಗೆ ಯಂತ್ರ, ಅದು ನಿರ್ಮಲಮ್ಮನ ಪಾಲಾಗಿತ್ತು. ಮೂರನೆಯ ಆಯ್ಕೆಯನ್ನು ಅವಳು ಬರೆದೇ ಇರಲಿಲ್ಲ. ಇಂಜಿನಿಯರ್ ಸಾಹೇಬರು ಪಟ್ಟಿಯಲ್ಲಿ ಮೊದಲು ಬೆರಳು ಬಿದ್ದದ್ದನ್ನು ಕೊಟ್ಟರು. ಬೆರಳಚ್ಚು ಯಂತ್ರ.

ಜಯಕ್ಕ ಚಿತ್ರವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಏನ್ ಸಾರ್ ಇದು, ಹಾರ್ಮೋನಿಯಂ ಥರ?"

"ಟೈಪ್‌ರೈಟರ್ ಕಣಮ್ಮ."

"ಎಲ್ ಸಿಗುತ್ತೆ?"

"ಈಗ ಎಲ್ಲೂ ಸಿಗಲ್ಲ" ಎಂದೆ. ನನ್ನ ಪ್ರಾಯವನ್ನೆಲ್ಲ ತಿಂದ ಯಂತ್ರ ಅದು. ನಮ್ಮ ಆಫೀಸಿನಿಂದಲೇ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಚಿಹ್ನೆಗಳ ಪಟ್ಟಿ ಮಾಡಿದವರಿಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಚುನಾವಣೆ ಶಾಖೆಯವನಿಗೆ ಮೈ ಉರಿದರೂ ಮುಖದಲ್ಲಿ ಕಾಣಿಸಬಾರದು, ಅದನ್ನು ಮೊದಲು ಕಲಿತುಕೊಳ್ಳಮ್ಮ.

ನಿಜವಾದ ತೊಡಕು ಆಮೇಲೆ ಶುರುವಾಯಿತು. ಜಯಕ್ಕ ಪ್ರಚಾರಕ್ಕೆ ಹೋದಲ್ಲೆಲ್ಲ ಹೆಂಗಸರು, "ವೋಟಿನ್ ಚೀಟೀಲಿ ಇಬ್ರು ಜಯಮ್ಮ ಇದಾರಂತೆ, ಅದ್ರಲ್ಲಿ ನೀನು ಯಾವ ಜಯಮ್ಮ?" ಎಂದು ಕೇಳುತ್ತಿದ್ದರು. ಸಣ್ಣರಂಗಪ್ಪನ ಹೆಂಡತಿ ಎಂದು ಹೇಳಿದರೆ ಮುಗಿಯಿತು. ಆದರೆ ಆ ಕಡೆಯ ಅವಳ ವಯಸ್ಸಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪಂಚಾಯ್ತಿ ಬಾಗಿಲಿಗೆ ಬಿಂದಿಗೆ ಅಡ್ಡ ಇಟ್ಟವಳು ಕೂಡ ಹೇಳುವುದಿಲ್ಲ. "ನಮ್ಮನೇರು" ಎನ್ನುತ್ತಿದ್ದಳು. ಇನ್ನೊಬ್ಬ ಜಯಮ್ಮನಿಗೂ ಅವಳ ಗಂಡ ನಮ್ಮನೇರೇ. ಈ ವಿಷಯ ನನಗೆ ಗೊತ್ತಾದದ್ದು ಷಡಕ್ಷರಪ್ಪ ಕೊಟ್ಟ ದೂರಿನಿಂದ. ಜಯಮ್ಮ ಕೋಂ ಸಣ್ಣರಂಗಪ್ಪ ಇವರು ಮತದಾರರಿಗೆ ವಸ್ತುಗಳನ್ನು ಹಂಚಿ ಆಮಿಷ ಒಡ್ಡುತ್ತಿದ್ದಾರೆ ಎಂದು ದೂರು. ಆಮಿಷ ಎಂದಮೇಲೆ ಹೋಗಲೇಬೇಕು. ಕ್ಯಾಮೆರಾದವನನ್ನು ಜೀಪಿಗೆ ಹತ್ತಿಸಿಕೊಂಡು ಹೋದೆ.

ಹೋಗಿ ನೋಡಿದರೆ ಮೇಲಿನ ಬೀದಿಯ ಜಗಲಿಯ ಮೇಲೆ ಒಂದು ಕನ್ನಡ ಟೈಪ್‌ರೈಟರ್ ಕೂತಿದೆ. ಕಡೂರಿನಲ್ಲಿ ಮುಚ್ಚಿಹೋದ ಟೈಪಿಂಗ್ ಶಾಲೆಯೊಂದರ ಯಜಮಾನರನ್ನು ಹುಡುಕಿ, ಎಲೆಕ್ಷನ್ ಮುಗಿಯುವ ತನಕ ಎಂದು ಬೇಡಿ ತಂದಿದ್ದಳಂತೆ. ಸುತ್ತ ಹೆಂಗಸರು. ಜಯಕ್ಕ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಕಾಗದದ ಚೂರುಗಳ ಮೇಲೆ ಅಕ್ಷರ ಮೂಡಿಸುತ್ತಿದ್ದಾಳೆ. ಒಂದು ಚೂರು ತೆಗೆದುಕೊಂಡು ಓದಿದೆ. ಜಯಮ್ಮ ಕೋಂ ಸಣ್ಣರಂಗಪ್ಪ. ಅಷ್ಟೇ.

"ಇದೇನಮ್ಮ ಇದು?" ಎಂದೆ.

"ನಾನು ಬಾಯಲ್ಲಿ ಹೇಳಂಗಿಲ್ವಲ್ಲ ಸಾರ್. ಇದು ಹೇಳುತ್ತೆ" ಎಂದಳು. ಹೆಂಗಸರೆಲ್ಲ ನಕ್ಕರು. "ಹೆಂಗೂ ನನ್ ಗುರ್ತು ಇದೇ ತಾನೆ, ತೋರ್ಸಿದಂಗೂ ಆಯ್ತು."

ಕ್ಯಾಮೆರಾದವನು ಕಾಗದದ ಚೂರನ್ನು ನಾಲ್ಕು ದಿಕ್ಕಿನಿಂದ ಚಿತ್ರ ತೆಗೆದ. ನಾನು ಕಾನೂನು ನೋಡಿದೆ. ಚೂರಿಗೆ ಬೆಲೆ ಇಲ್ಲ, ಆದ್ದರಿಂದ ಆಮಿಷವಲ್ಲ. ಹಂಚುವುದರಿಂದ ಅದು ಕರಪತ್ರ, ಕರಪತ್ರವಾದರೆ ಮುದ್ರಿಸಿದವರ ಹೆಸರು ಇರಬೇಕು. ಇದನ್ನು ಹೇಳುವಾಗ ನನಗೇ ಹೇಸಿಗೆಯಾಯಿತು, ಆದರೂ ಹೇಳಿದೆ. ಜಯಕ್ಕ ತಕರಾರು ಮಾಡಲಿಲ್ಲ. ಪ್ರತಿ ಚೂರಿನ ಕೆಳಗೂ 'ಮುದ್ರಕರು: ಜಯಮ್ಮ' ಎಂದು ಕುಟ್ಟತೊಡಗಿದಳು. ಯಾವ ಜಯಮ್ಮ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೊರಡುವಾಗ ಗಮನಿಸಿದೆ, ಆ ಹೆಂಗಸರ ಗುಂಪಿನ ಹಿಂದುಗಡೆ ಇನ್ನೊಬ್ಬ ಜಯಮ್ಮನೂ ಕೂತಿದ್ದಳು. ಎದುರಾಳಿ ಅಭ್ಯರ್ಥಿ. ಅವಳ ಕೈಯಲ್ಲೂ ಒಂದು ಚೂರು ಇತ್ತು. ಪಾಪ, ಪ್ರಚಾರಕ್ಕೆ ಹೋಗು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಒಂದು ಮನೆಯ ಬಾಗಿಲನ್ನೂ ತಟ್ಟಿದವಳಲ್ಲ.

ಮತದಾನದ ದಿನ ಮೇಲಿನ ಬೀದಿಯವರು ಬೆಳಗಿನಿಂದಲೇ ಸಾಲು ನಿಂತರು. ವ್ಯಕ್ತಿ ನೋಡಿಯೇ ಬಂದವರು, ಅದರಲ್ಲಿ ನನಗೆ ಅನುಮಾನವಿಲ್ಲ. ಪಕ್ಷ, ಜಾತಿ, ಷಡಕ್ಷರಪ್ಪನ ಗಿರಣಿ, ಎಲ್ಲವನ್ನೂ ಬದಿಗಿಟ್ಟು ಒಬ್ಬಳೇ ಒಬ್ಬಳು ಹೆಂಗಸಿಗಾಗಿ ಬಂದಿದ್ದರು. ಓದಲು ಬರುವವರು ಚೂರನ್ನು ನೆನಪಿಟ್ಟುಕೊಂಡು ಸರಿಯಾಗಿ ಒತ್ತಿದರು. ಓದಲು ಬಾರದ ಹಿರಿಯ ಹೆಂಗಸರು ಮತಪತ್ರ ಬಿಡಿಸಿದರೆ ಮೊದಲು ಕಂಡದ್ದು ಏನು? ಬಿಂದಿಗೆ. ಬಿಂದಿಗೆ ಜಯಕ್ಕನಿಗೆ ಬಿಂದಿಗೆ ಬಿಟ್ಟು ಇನ್ನೇನು ಇರುತ್ತದೆ? ಅದರ ಮೇಲೆ ಗಟ್ಟಿಯಾಗಿ ಮೊಹರು ಒತ್ತಿ, ಜಯಕ್ಕನನ್ನು ಗೆಲ್ಲಿಸಿದೆವು ಎಂದು ಸಮಾಧಾನದಿಂದ ಮನೆಗೆ ಹೋದರು. ಮತಗಟ್ಟೆಯಿಂದ ಹೊರಬಂದ ಒಬ್ಬ ಅಜ್ಜಿ ಜಯಕ್ಕನ ಕೆನ್ನೆ ಸವರಿ, "ನಿನ್ ಬಿಂದಿಗೆಗೇ ಒತ್ತಿದೀನಿ ಕಣವ್ವಾ" ಎಂದಾಗ ಜಯಕ್ಕನ ಮುಖ ಹೇಗಾಯಿತು ಎಂದು ಅಲ್ಲಿದ್ದ ಸಿಬ್ಬಂದಿ ಆಮೇಲೆ ನನಗೆ ಹೇಳಿದರು. ಅವಳು ಅಜ್ಜಿಯ ಕೈ ಹಿಡಿದುಕೊಂಡು, "ಒಳ್ಳೇದಾಯ್ತು ಅಜ್ಜಿ, ನಿಧಾನಕ್ಕೆ ಹೋಗು" ಎಂದಳಂತೆ.

ಎಣಿಕೆಯಲ್ಲಿ ಇಬ್ಬರು ಜಯಮ್ಮಂದಿರ ನಡುವಿನ ಗೆರೆಯ ಮೇಲೇ ಮೊಹರು ಬಿದ್ದ ಮತಪತ್ರಗಳು ಬಂದವು, ಎಲ್ಲ ತಿರಸ್ಕೃತ. ಕೊನೆಗೆ ಬಿಂದಿಗೆ ಮೊದಲು, ಟೈಪ್‌ರೈಟರ್ ಸ್ವಲ್ಪದರಲ್ಲಿ ಎರಡನೆಯದು, ಷಡಕ್ಷರಪ್ಪನ ಹೊಲಿಗೆ ಯಂತ್ರ ಕೊನೆಯದು. ತಾನೇ ತೋಡಿದ ಗುಂಡಿಯಲ್ಲಿ ಹೆಂಡತಿಯನ್ನೂ ಬೀಳಿಸಿದ್ದ. ಆದರೆ ಅವನ ಮುಖ ಬಾಡಿದ್ದು ಸ್ವಲ್ಪ ಹೊತ್ತು ಮಾತ್ರ. ಟ್ರ್ಯಾಕ್ಟರ್ ಡ್ರೈವರನ ಹೆಂಡತಿ ಮೆಂಬರಾದರೆ ತಾನೇ ಮೆಂಬರಾದ ಹಾಗೆ ಎಂದು ಅವನಿಗೆ ಹೊಳೆಯಿತು. ಒಂದು ಪಕ್ಷದ ಮುಖಂಡ ಹಾರ ತಂದ. ಹಿಂದೆಯೇ ಇನ್ನೊಂದು ಪಕ್ಷದವನು ಶಾಲು ತಂದ. ಪಕ್ಷರಹಿತ ಪ್ರಜಾಪ್ರಭುತ್ವದ ಹಬ್ಬ ನಡೆಯಿತು. ಮೇಲಿನ ಬೀದಿಯ ಪೈಪು ಇನ್ನೊಂದು ಅವಧಿಗೆ ಕಾಗದದಲ್ಲೇ ಉಳಿಯುತ್ತದೆ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆ ತೋರಿಸಲಿ? ನಿಯಮದಲ್ಲಿ ಎಲ್ಲೂ ತಪ್ಪಾಗಿರಲಿಲ್ಲ.

ಗೆದ್ದ ಜಯಮ್ಮನನ್ನು ಪ್ರಮಾಣಪತ್ರಕ್ಕೆ ಕರೆಸಿದೆವು. ಹಾರ, ಶಾಲು ಎರಡರ ಭಾರಕ್ಕೂ ಕುಗ್ಗಿ ಬಂದಳು. ಹಿಂದೆ ಷಡಕ್ಷರಪ್ಪ, ಸಣ್ಣಪ್ಪ. ಇಂಜಿನಿಯರ್ ಸಾಹೇಬರು ಪ್ರಮಾಣಪತ್ರ ಕೊಟ್ಟು ಅಭಿನಂದನೆ ಎಂದರು. ಅವಳು ಅದನ್ನು ತೆಗೆದುಕೊಂಡು ಸುತ್ತ ನೋಡಿ, ಬಾಗಿಲ ಹತ್ತಿರ ನಿಂತಿದ್ದ ಜಯಕ್ಕನ ಬಳಿ ಹೋಗಿ ಅವಳ ಕೈಗೆ ಇಡಲು ನೋಡಿದಳು. ಜಯಕ್ಕ ಕೈ ಹಿಂದೆ ಮಾಡಿಕೊಂಡಳು.

"ಏಯ್, ಏನ್ಮಾಡ್ತಿದೀಯೇ?" ಎಂದ ಷಡಕ್ಷರಪ್ಪ.

ಅವಳು ಅವನ ಕಡೆ ತಿರುಗಲಿಲ್ಲ. ನನ್ನ ಮೇಜಿಗೆ ಬಂದಳು. ನಾನು ಅವಳ ಗಟ್ಟಿ ದನಿ ಕೇಳಿದ್ದು ಅವತ್ತೇ ಮೊದಲು. "ಇದು ಅಕ್ಕಂದು ಸಾರ್. ಇಬ್ರ ಹೆಸ್ರೂ ಜಯಮ್ಮನೇ ತಾನೆ, ಅವ್ಳಿಗೆ ಕೊಟ್ರೆ ಏನಾಗುತ್ತೆ?"

"ಹಂಗೆಲ್ಲ ಕೊಡಕ್ಕೆ ಬರಲ್ಲಮ್ಮ" ಎಂದೆ. "ಜನ ನಿಮಗೆ ವೋಟ್ ಹಾಕಿದಾರೆ."

"ನಂಗ್ಯಾರ್ ಹಾಕಿದಾರೆ ಸಾರ್?" ಎಂದಳು. "ನಾನೇ ಹಾಕಿಲ್ಲ. ನಾನೂ ಟೈಪ್‌ರೈಟರಿಗೇ ಒತ್ತಿದ್ದು."

ಯಾರಿಗೆ ಹಾಕಿದಿರಿ ಅನ್ನುವುದು ಗೌಪ್ಯ, ಹಾಗೆಲ್ಲ ಹೇಳಬಾರದು ಎಂದು ನಾನು ಅವಳಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಅಷ್ಟರಲ್ಲಿ ಜಯಕ್ಕ ಬಂದು ಅವಳ ಕೊರಳಿನ ಶಾಲು ತೆಗೆದು ಮೇಜಿನ ಮೇಲಿಟ್ಟಳು, ಹಾರ ತೆಗೆದು ಅದರ ಪಕ್ಕ ಇಟ್ಟಳು. "ಮೀಟಿಂಗಿಗೆ ನೀನೇ ಹೋಗು. ಪೈಪಿನ ವಿಷಯ ಏನ್ ಕೇಳ್ಬೇಕು ಅಂತ ಚೀಟೀಲಿ ಟೈಪ್ ಮಾಡ್ಕೊಡ್ತೀನಿ, ಓದ್ಬಿಡು. ಟೈಪ್‌ರೈಟರ್ ವಾಪಸ್ ಕೊಡೋದು ಇನ್ನೊಂದಷ್ಟ್ ದಿನ ತಡ ಆಗುತ್ತೆ ಅಷ್ಟೇ" ಎಂದಳು.

ಸ್ವೀಕೃತಿಗೆ ಸಹಿ ಬೇಕಾಗಿತ್ತು. ರಿಜಿಸ್ಟರನ್ನು ತಿರುಗಿಸಿ ಜಾಗ ತೋರಿಸಿದೆ. ಗೆದ್ದ ಜಯಮ್ಮ ಪೆನ್ನು ಹಿಡಿದು, "ಏನಂತ ಬರೀಲಿ ಸಾರ್?" ಎಂದಳು.

"ನಿಮ್ಮ ಹೆಸರು ಬರೀರಿ" ಎಂದೆ.

ಅವಳು ಜಯಕ್ಕನ ಮುಖ ಒಮ್ಮೆ ನೋಡಿ, ಒಂದೊಂದೇ ಅಕ್ಷರ ಕೂಡಿಸಿ 'ಜಯಮ್ಮ' ಎಂದು ಬರೆದಳು. ಗಂಡನ ಹೆಸರು ಬರೆಯಲಿಲ್ಲ. ನಾನೂ ಕೇಳಲಿಲ್ಲ.